ಮರೆವಿನ ಕಾಯಿಲೆ ತಡೆಯಲು ಮೊದಲು ಕಿವಿ ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೆ,

ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸಲಹೆಗಳು ಬಹುಮಟ್ಟಿಗೆ ಬೆಳಗಿನ ನಡಿಗೆ, ಪದಬಂಧ ಮತ್ತು ನೆನೆಸಿದ ಬಾದಾಮಿಯಲ್ಲಿಯೇ ಮುಗಿದುಹೋಗುತ್ತವೆ. ಅವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯಂತಹ ನೇಕಾರರ ಊರಿನಲ್ಲಿ ಇದ್ದವರು ಮೊದಲು ಕೇಳಬೇಕಾದ ಪ್ರಶ್ನೆಯೇ ಬೇರೆ: ನಮ್ಮ ಹಿರಿಯರಿಗೆ ಕಿವಿ ಸರಿಯಾಗಿ ಕೇಳಿಸುತ್ತದೆಯೇ?

ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ನೀಡಿದ ವರದಿಯ ಪ್ರಕಾರ, ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ನಿಭಾಯಿಸಿದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಲು ಇಲ್ಲವೇ ಮುಂದೂಡಲು ಸಾಧ್ಯವಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನ, ಚಿಕಿತ್ಸೆ ಪಡೆಯದ ದೃಷ್ಟಿದೋಷ ಮೊದಲಾದವೆಲ್ಲ ಆ ಪಟ್ಟಿಯಲ್ಲಿವೆ. ಅವುಗಳಲ್ಲಿ ಅತಿ ದೊಡ್ಡ ಪಾಲು, ಅಂದರೆ ತಲಾ ಶೇ 7, ಎರಡಕ್ಕೆ ಸೇರಿದೆ: ಒಂದು ಕೆಟ್ಟ ಕೊಲೆಸ್ಟರಾಲ್, ಇನ್ನೊಂದು ಶ್ರವಣ ದೋಷ. ಬಾಲ್ಯದಲ್ಲಿ ಶಾಲೆ ಕಾಣದಿರುವುದೂ ಒಂದು ಅಪಾಯವೇ. ಅರವತ್ತು ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆಯೆಂದು ಅಂದಾಜಿಸಿದ ರಾಷ್ಟ್ರೀಯ ಅಧ್ಯಯನವು ಹೆಂಗಸರಲ್ಲಿ, ಹಳ್ಳಿಗಳಲ್ಲಿ ಮತ್ತು ಓದು ಸಿಗದವರಲ್ಲಿ ಅದು ಹೆಚ್ಚೆಂದು ಹೇಳಿದೆ. ನಮ್ಮ ಅಜ್ಜಿಯಂದಿರ ಪಾಲಿಗೆ ಆ ಕಾಲ ಮೀರಿತು. ಮೊಮ್ಮಗಳನ್ನು ಶಾಲೆ ಬಿಡಿಸದಿರುವುದಾದರೂ ನಮ್ಮ ಕೈಯಲ್ಲಿದೆ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ವಿದ್ಯುತ್ ಮಗ್ಗದ ಸದ್ದು ಸಾಮಾನ್ಯವಾಗಿ 90 ಡೆಸಿಬಲ್ ದಾಟುತ್ತದೆ. ಅನೇಕ ಮನೆಗಳಲ್ಲಿ ಮಗ್ಗ ಇರುವುದು ಅಡುಗೆಮನೆಯ ಗೋಡೆಯ ಆಚೆಗೇ ಆದ್ದರಿಂದ ನೇಯುವವರಷ್ಟೇ ಅಲ್ಲ, ಕಂಡಿಕೆ ಸುತ್ತುವ ಹೆಂಗಸರೂ ದಿನವಿಡೀ ಆ ಸದ್ದಿನಲ್ಲಿಯೇ ಇರುತ್ತಾರೆ. ಮಗ್ಗದ ನಡುವೆ ಕೈಸನ್ನೆ, ಬಾಯಸನ್ನೆಯಲ್ಲಿಯೇ ವ್ಯವಹಾರ ನಡೆಸುವುದು ರೂಢಿಯಾಗಿರುವುದರಿಂದ ಕಿವಿ ಮಂದವಾಗುತ್ತಿರುವುದು ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಹಿರಿಯರು ಕಟ್ಟೆಗೆ ಹೋಗುವುದನ್ನು ಬಿಟ್ಟಿರುತ್ತಾರೆ, ಭಜನೆಗೆ ಹೋಗುವುದನ್ನು ಬಿಟ್ಟಿರುತ್ತಾರೆ. ಮನೆಯವರೂ ಕೂಗಿ ಹೇಳುವ ಬೇಸರಕ್ಕೆ ಊಟ, ಗುಳಿಗೆಗಳ ವಿಚಾರ ಬಿಟ್ಟು ಬೇರೆ ಮಾತನಾಡುವುದನ್ನು ನಿಲ್ಲಿಸಿರುತ್ತಾರೆ. ಅಸ್ಪಷ್ಟ ಸದ್ದನ್ನು ಅರ್ಥಮಾಡಿಕೊಳ್ಳುವುದರಲ್ಲಿಯೇ ದಣಿಯುವ ಮೆದುಳಿಗೆ ಜನರ ಒಡನಾಟವೂ ತಪ್ಪಿದರೆ ಅದು ಬೇಗ ಸೊರಗುತ್ತದೆ ಎಂಬುದು ತಜ್ಞರು ಕೊಡುವ ವಿವರಣೆಗಳಲ್ಲೊಂದು. ಇದರ ನಡುವೆ ಕೇಳಿಸದೆ ಏನೋ ಒಂದು ಉತ್ತರ ಕೊಟ್ಟವರಿಗೆ ‘ಅರವತ್ತಕ್ಕೆ ಅರಳು ಮರಳು’ ಎಂದು ಹಣೆಪಟ್ಟಿ ಹಚ್ಚುವುದಂತೂ ಇದ್ದೇ ಇದೆ.

ಶ್ರವಣ ಸಾಧನ ಹಾಕಿದ ಮಾತ್ರಕ್ಕೆ ಮರೆವು ಬರುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಟ್ಟಾರೆಯಾಗಿ ಶ್ರವಣ ಸಾಧನ ಪಡೆದವರಿಗೂ ಪಡೆಯದವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ವಯಸ್ಸು, ಬಿ.ಪಿ., ಶುಗರ್ ಮೊದಲಾದ ಅಪಾಯಗಳು ಹೆಚ್ಚಿದ್ದ ಉಪಗುಂಪಿನಲ್ಲಿ ಬುದ್ಧಿಶಕ್ತಿ ಕುಗ್ಗುವ ವೇಗ ಶೇ 48ರಷ್ಟು ಕಡಿಮೆಯಾಯಿತು. ಬಿ.ಪಿ. ಮತ್ತು ಶುಗರ್ ಮನೆಮಾತಾಗಿರುವ ನಮ್ಮ ಭಾಗಕ್ಕೆ ಈ ಎರಡನೆಯ ಮಾತು ಹೆಚ್ಚು ಹತ್ತಿರದ್ದು. ಆಹಾರ, ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡದ ನಿಗಾ ಇವನ್ನು ಒಟ್ಟಿಗೆ ನಡೆಸಿದರೆ ಫಲ ಸಿಗುತ್ತದೆಂಬ ಸೂಚನೆ ಫಿನ್‌ಲೆಂಡಿನ ಪ್ರಯೋಗದಿಂದಲೂ ಸಿಕ್ಕಿದೆ. ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ಮೆಂತ್ಯೆ ತೊಪ್ಪಲು ಉಣ್ಣುವ ನಾವು ಉಪ್ಪಿನಕಾಯಿ, ಹಪ್ಪಳಗಳ ಉಪ್ಪನ್ನಷ್ಟು ಇಳಿಸಿದರೆ ಸಾಕು. ಟಿ.ವಿ.ಯಲ್ಲಿ ತೋರಿಸುವ ನೆನಪಿನ ಟಾನಿಕ್ಕುಗಳಿಗೆ ಪಿಂಚಣಿ ಸುರಿಯಬೇಕಾಗಿಲ್ಲ: ಡಿಮೆನ್ಷಿಯಾ ತಡೆಗೆಂದು ಬಿ ಮತ್ತು ಇ ವಿಟಮಿನ್ ಪೂರಕಗಳನ್ನು ಶಿಫಾರಸು ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2019ರ ಮಾರ್ಗಸೂಚಿಯಲ್ಲಿ ಹೇಳಿದೆ.

ಬಡ ಹಿರಿಯರಿಗೆ ಶ್ರವಣ ಸಾಧನ, ಕನ್ನಡಕಗಳನ್ನು ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಜಾರಿಯಲ್ಲಿದೆ. ಆದರೆ ಕಿವಿ ಮಷೀನನ್ನು ಊರುಗೋಲಿನಂತೆ ಕೈಗೆ ಕೊಟ್ಟು ಕಳುಹಿಸಿದರೆ ಪ್ರಯೋಜನವಿಲ್ಲ. ಪ್ರತಿಯೊಬ್ಬರ ಕಿವಿಗೆ ಅದನ್ನು ಹೊಂದಿಸಬೇಕು, ಸಿಳ್ಳೆ ಹೊಡೆದಾಗ ಸರಿಪಡಿಸಬೇಕು, ಬ್ಯಾಟರಿ ಊರಿನಲ್ಲಿಯೇ ಸಿಗಬೇಕು. ಇಲ್ಲವಾದರೆ ಅದು ಸೇರುವುದು ಗೋಡೆಯ ಗೂಡನ್ನು. ಆದ್ದರಿಂದ ಜಿಲ್ಲಾ ಆರೋಗ್ಯ ಇಲಾಖೆಯು ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನವಾದರೂ ಶ್ರವಣ ತಜ್ಞರನ್ನು ಕೂಡಿಸಬೇಕು ಮತ್ತು ಬಿ.ಪಿ., ಶುಗರ್ ತಪಾಸಣೆಗೆ ಮನೆಮನೆಗೆ ಬರುವ ಸಿಬ್ಬಂದಿ ಕಿವಿಯ ಬಗ್ಗೆಯೂ ವಿಚಾರಿಸಿ ಬರೆದುಕೊಳ್ಳುವಂತೆ ಮಾಡಬೇಕು. ಮಗ್ಗಗಳಿಗೆ ಸಹಾಯಧನ ನೀಡುವ ಜವಳಿ ಇಲಾಖೆಯು ಅದರೊಡನೆಯೇ ಕಿವಿರಕ್ಷಕಗಳನ್ನು ಕೊಟ್ಟು ಬಳಸುವುದನ್ನು ಕಲಿಸಿದರೆ, ಇಂದು ಮೂವತ್ತರ ಹರೆಯದಲ್ಲಿ ಮಗ್ಗದ ಮುಂದೆ ಕುಳಿತಿರುವವರ ಕಿವಿಗಳಾದರೂ ಉಳಿದಾವು.

ಇಂತಿ,
ನಿವೃತ್ತ ಶಿಕ್ಷಕ, ರಬಕವಿ-ಬನಹಟ್ಟಿ