ಗೆಳೆಯನಿಗೊಂದು ಪತ್ರ: 51 ಪಂದ್ಯ ಸಾಕಾಗಿತ್ತೇ?

ಬಳ್ಳಾರಿ,
ಭಾನುವಾರ ರಾತ್ರಿ

ಪ್ರಿಯ ಗೆಳೆಯಾ,

ನಮಸ್ಕಾರ. ಮೊನ್ನೆ ಫೋನಿನಲ್ಲಿ ನಮ್ಮ ವಾದ ಅರ್ಧಕ್ಕೇ ನಿಂತಿತು. ಚಾನ್ಸಿ ಬಿಲಪ್ಸ್‌ನನ್ನು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಬೋಸ್ಟನ್ ಸೆಲ್ಟಿಕ್ಸ್ ತಂಡ ಅವಸರದಲ್ಲಿ ಕೈಬಿಟ್ಟಿತೇ ಎಂದು ನಾನು ಕೇಳಿದರೆ, "ಆ ಹೊತ್ತಿಗೆ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು" ಎಂದು ನೀನು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಫೋನ್ ಇಟ್ಟುಬಿಟ್ಟೆ. ಬಾಯಿಮಾತಿನ ವಾದದಲ್ಲಿ ನಿನ್ನನ್ನು ಗೆಲ್ಲುವುದು ಕಾಲೇಜಿನ ದಿನಗಳಿಂದಲೂ ನನ್ನಿಂದ ಆಗಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ; ಬರವಣಿಗೆಯಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ.

ಮೊದಲು ನಡೆದದ್ದನ್ನು ನಡೆದ ಹಾಗೆ ಮುಂದಿಟ್ಟುಕೊಳ್ಳೋಣ. 1996–97ರ ಋತುವಿನಲ್ಲಿ ಸೆಲ್ಟಿಕ್ಸ್ 82 ಪಂದ್ಯಗಳನ್ನಾಡಿ ಗೆದ್ದದ್ದು 15ನ್ನು ಮಾತ್ರ. ಅಷ್ಟು ಸೋತವರಿಗೆ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಹುಡುಗರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುವ ಆ ವಾರ್ಷಿಕ ವ್ಯವಸ್ಥೆಯಲ್ಲಿ, ಮೊದಲ ಸರದಿ ಸಿಕ್ಕೀತು, ಆ ವರ್ಷ ಎಲ್ಲರ ಕಣ್ಣಿದ್ದ ಕಾಲೇಜು ಆಟಗಾರ ಟಿಮ್ ಡಂಕನ್ ಬಂದಾನು ಎಂಬ ಆಸೆ ಇತ್ತು. ಸರದಿ ತೀರ್ಮಾನಿಸುವ ಲಾಟರಿಯಲ್ಲಿ ಡಂಕನ್ ಸ್ಯಾನ್ ಆಂಟೋನಿಯೊ ಪಾಲಾದ. ಬೋಸ್ಟನ್‌ಗೆ ಉಳಿದದ್ದು ಮೂರನೆಯ ಮತ್ತು ಆರನೆಯ ಸರದಿ. ಮೂರನೆಯದರಲ್ಲಿ ಬಂದವನು ಕೊಲರಾಡೊ ವಿಶ್ವವಿದ್ಯಾಲಯಕ್ಕೆ ಎರಡು ವರ್ಷ ಆಡಿದ್ದ, ಇನ್ನೂ 21 ತುಂಬಿರದ ಬಿಲಪ್ಸ್. ಕೆಂಟಕಿಯಿಂದ ಆಗಷ್ಟೇ ಬಂದಿದ್ದ ತರಬೇತುದಾರ ರಿಕ್ ಪಿಟಿನೊ ಕೈಯಲ್ಲಿ ತಂಡದ ಆಡಳಿತವೂ ಇತ್ತು. ಮೊದಲ ಪಂದ್ಯದಲ್ಲೇ ಮೈಕಲ್ ಜೋರ್ಡನ್‌ನ ಶಿಕಾಗೊ ಬುಲ್ಸ್ ತಂಡವನ್ನು ಸೋಲಿಸಿದರು. ಅಲ್ಲಿಂದ 51 ಪಂದ್ಯಗಳಾಗುವಷ್ಟರಲ್ಲಿ, 1998ರ ಫೆಬ್ರವರಿಯಲ್ಲಿ, ಆ ಹುಡುಗನನ್ನು ಟೊರೊಂಟೊಗೆ ಸಾಗಹಾಕಿ, ಟೊರೊಂಟೊದಲ್ಲಿ ಆಡುವುದಿಲ್ಲವೆಂದು ಹಟ ಹಿಡಿದು ಕೂತಿದ್ದ ಅನುಭವಿ ಕೆನ್ನಿ ಆ್ಯಂಡರ್ಸನ್‌ನನ್ನು ತಂದುಕೊಂಡರು.

ಇದರಲ್ಲಿ ನಿನ್ನ ವಾದಕ್ಕೆ ಬಲ ಕೊಡುವ ಸಂಗತಿಗಳಿವೆ, ಅವನ್ನು ನಾನು ಮುಚ್ಚಿಡುವುದಿಲ್ಲ. ಆ ವರ್ಷ ಸೆಲ್ಟಿಕ್ಸ್‌ನ ಗೆಲುವು 15ರಿಂದ 36ಕ್ಕೆ ಏರಿತು. 2002ರಲ್ಲಿ ಆ ತಂಡ ಪೂರ್ವ ವಿಭಾಗದ ಅಂತಿಮ ಸುತ್ತಿಗೆ ಬಂದಾಗ ಚೆಂಡನ್ನು ನಡೆಸುತ್ತಿದ್ದವನು ಇದೇ ಆ್ಯಂಡರ್ಸನ್. ಬಿಲಪ್ಸ್ ಆದರೋ ಟೊರೊಂಟೊದಿಂದ ಡೆನ್ವರ್‌ಗೆ, ಡೆನ್ವರ್‌ನಿಂದ ಭುಜದ ಗಾಯ ಹೊತ್ತು ಒಂದು ಪಂದ್ಯವನ್ನೂ ಆಡಲಾಗದ ಒರ್ಲ್ಯಾಂಡೊಗೆ, ಅಲ್ಲಿಂದ ಮಿನೆಸೋಟಕ್ಕೆ ಅಲೆದ. "ಒಂದು ತಂಡ ತಪ್ಪಬಹುದು, ನಾಲ್ಕು ತಂಡಗಳೂ ಕುರುಡಾಗಿದ್ದವೇ?" ಎಂದು ನೀನು ಕೇಳಿದೆ. ಒಳ್ಳೆಯ ಪ್ರಶ್ನೆಯೇ.

ಆದರೆ ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಕಚೇರಿಯಲ್ಲಿ ಕಡತ ಹಿಡಿದವನು. ಆರು ತಿಂಗಳಿಗೇ ವರ್ಗವಾದ ಗುಮಾಸ್ತನೊಬ್ಬ ಹೊಸ ಕಚೇರಿಯ ಮೆಟ್ಟಿಲು ಹತ್ತುವ ಮೊದಲೇ ಅವನ ಸುದ್ದಿ ಅಲ್ಲಿ ಹತ್ತಿ ಕೂತಿರುತ್ತದೆ. ಹೊಸ ಸಾಹೇಬರು ಅವನಿಗೆ ಮುಖ್ಯವಾದ ಟೇಬಲ್ ಕೊಡುವುದಿಲ್ಲ. ಟೇಬಲ್ ಇಲ್ಲದವನ ಕೆಲಸ ಕಾಣುವುದಿಲ್ಲ. ಕೆಲಸ ಕಾಣದವನನ್ನು ಮತ್ತೆ ವರ್ಗ ಮಾಡುತ್ತಾರೆ. ಮೂರನೆಯ ಕಚೇರಿಯವರು "ಎರಡು ಕಡೆ ನಡೆಯದವನು ಇಲ್ಲಿ ನಡೆದಾನೇ?" ಎನ್ನುತ್ತಾರೆ. ನೀನು ನಾಲ್ಕು ಸಾಕ್ಷಿಗಳೆಂದು ಎಣಿಸಿದ್ದು ನನಗೆ ಒಂದೇ ಸಾಕ್ಷಿ ನಾಲ್ಕು ಸಲ ಹೇಳಿದ ಹೇಳಿಕೆಯಂತೆ ಕಾಣುತ್ತದೆ, ಮತ್ತು ಆ ಮೊದಲ ಸಾಕ್ಷಿ ಬೋಸ್ಟನ್.

ಇನ್ನು ಅವನ ಜಾಗ ಯಾವುದು ಎಂಬುದನ್ನೂ ನೋಡು. ಪಾಯಿಂಟ್ ಗಾರ್ಡ್, ಅಂದರೆ ಚೆಂಡು ನಡೆಸಿ ಆಟ ಕಟ್ಟುವವನು, ತನ್ನ ಆಟವನ್ನು ಕಲಿತರೆ ಸಾಲದು, ಉಳಿದ ನಾಲ್ವರ ಆಟವನ್ನೂ ಕಲಿಯಬೇಕು: ಯಾರು ಎಡಗಡೆ ತಿರುಗುತ್ತಾರೆ, ಯಾರಿಗೆ ಚೆಂಡು ಎದೆಯ ಮಟ್ಟಕ್ಕೆ ಬೇಕು, ಯಾರು ಓಡುತ್ತಾ ಹಿಡಿಯುತ್ತಾರೆ, ಯಾರು ನಿಂತ ಮೇಲೆಯೇ ಹಿಡಿಯುತ್ತಾರೆ. ಎತ್ತರದ ಆಟಗಾರ ಬುಟ್ಟಿಯ ಕೆಳಗೆ ನಿಂತು ಮೊದಲ ವಾರದಲ್ಲೇ ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು, ಅಂದರೆ ರೀಬೌಂಡನ್ನು, ನಾಲ್ಕು ಸಲ ಹಿಡಿದು ಭೇಷ್ ಎನಿಸಿಕೊಳ್ಳಬಲ್ಲ. ಚೆಂಡು ನಡೆಸುವವನ ಕಲಿಕೆ ಮಾತ್ರ ಕೈತಪ್ಪಿದ ಪಾಸುಗಳ ರೂಪದಲ್ಲಿ ಎಲ್ಲರ ಕಣ್ಣೆದುರಿಗೇ ನಡೆಯುತ್ತದೆ. ಬಿಲಪ್ಸ್ ನಿಜವಾದ ಪಾಯಿಂಟ್ ಗಾರ್ಡ್ ಹೌದೋ ಅಲ್ಲವೋ ಎಂಬ ಅನುಮಾನ ಅವನ ಬೆನ್ನು ಹತ್ತಿದ್ದು ಹೀಗೆಯೇ. 21ರ ಹುಡುಗನ ಬಗ್ಗೆ ಆ ಅನುಮಾನವನ್ನು ಬಗೆಹರಿಸಿಕೊಳ್ಳಲು 51 ಪಂದ್ಯ ಸಾಲದು ಎನ್ನುವುದೇ ನನ್ನ ವಾದ. ಬೋಸ್ಟನ್‌ಗೆ ಆ ವರ್ಷ ಎದುರಾದದ್ದು ಹಿಂದಿನ ವರ್ಷದಂಥ ಸೋಲಲ್ಲ, ಅಷ್ಟಿಷ್ಟು ಗೆಲುವು. ಆ ಗೆಲುವೇ ಅವರಿಗೆ ಆತುರ ಹುಟ್ಟಿಸಿತು, ಈ ವರ್ಷವೇ ಪಟ್ಟಕ್ಕಾಗಿ ನಡೆಯುವ ಕೊನೆಯ ಸುತ್ತುಗಳಾದ ಪ್ಲೇಆಫ್ ತಲುಪಿಬಿಡೋಣ ಎಂಬ ಆಸೆ ಹತ್ತಿತು. ತಲುಪಲಿಲ್ಲ. ಪಿಟಿನೊ 2001ರ ಜನವರಿಯಲ್ಲಿ ರಾಜೀನಾಮೆ ಕೊಟ್ಟು ಹೋಗುವವರೆಗೂ ತಲುಪಲಿಲ್ಲ.

ಮಿನೆಸೋಟದಲ್ಲಿ ಟೆರೆಲ್ ಬ್ರ್ಯಾಂಡನ್ ಗಾಯಗೊಂಡು ಕೂತಾಗ ಬಿಲಪ್ಸ್‌ಗೆ ಆಟದ ಹೊತ್ತು ಸಿಕ್ಕಿತು, 2002ರಲ್ಲಿ ಡೆಟ್ರಾಯಿಟ್ ಕರೆಯಿತು. ಮುಂದಿನದು ನಿನಗೆ ಗೊತ್ತು. 2004ರ ಜೂನ್ 16ರ ಬೆಳಿಗ್ಗೆ ಆರೂವರೆಗೆ, ಸತ್ಯನಾರಾಯಣಪೇಟೆಯ ನಿಮ್ಮ ಮನೆಯಲ್ಲಿ, ನಿಮ್ಮಮ್ಮ ತಂದಿಟ್ಟ ಒಗ್ಗರಣೆ ಮಿರ್ಚಿ ಆರಿ ತಣ್ಣಗಾಗುವವರೆಗೂ ನಾವಿಬ್ಬರೂ ಟಿ.ವಿ. ಮುಂದಿನಿಂದ ಏಳಲಿಲ್ಲ. ಶಕೀಲ್ ಓನೀಲ್, ಕೋಬಿ ಬ್ರಯಂಟ್, ಕಾರ್ಲ್ ಮಲೋನ್, ಗ್ಯಾರಿ ಪೇಟನ್ ಎಲ್ಲರೂ ಇದ್ದ ಲೇಕರ್ಸ್ ತಂಡವನ್ನು ಡೆಟ್ರಾಯಿಟ್ 4–1ರಿಂದ ಮುಗಿಸಿತು, ಫೈನಲ್ಸ್‌ನ ಶ್ರೇಷ್ಠ ಆಟಗಾರ ಬಿಲಪ್ಸ್. ಅವನನ್ನು ಬೋಸ್ಟನ್ ಮೊದಲ ವರ್ಷವೇ ಹೊರಹಾಕಿತ್ತೆಂದು ಆ ಬೆಳಿಗ್ಗೆ ಕೇಳಿದಾಗ ನೀನು ನಂಬಲಿಲ್ಲ. 2024ರಲ್ಲಿ ಹಾಲ್ ಆಫ್ ಫೇಮ್‌ಗೂ ಸೇರಿದ.

ನೀನು ತಕ್ಷಣ ಹೇಳುವುದು ನನಗೆ ಗೊತ್ತು: ಗೆದ್ದ ಮೇಲೆ ಹಿಂತಿರುಗಿ ನೋಡಿ ತಪ್ಪು ಹುಡುಕುವುದು ಸುಲಭ. ಸರಿ, ಗೆದ್ದನೇ ಸೋತನೇ ಎಂಬುದನ್ನು ಬದಿಗಿಟ್ಟು ಬೇರೆ ಅಳತೆ ಹಿಡಿಯೋಣ. ಎನ್‌ಬಿಎ ಪಂದ್ಯ 48 ನಿಮಿಷ, ಅಂಕಣದಲ್ಲಿ ಐವರು. ಹಂಚಲು ಇರುವುದು 240 ನಿಮಿಷ. ತಂಡದಲ್ಲಿ 15 ಜನ. ನಮ್ಮ ತುಂಗಭದ್ರಾ ಕಾಲುವೆಯ ನೀರಿನ ಲೆಕ್ಕವೇ ಇದು. ಮೇಲ್ಭಾಗದವರು ತೂಬು ತೆರೆದುಕೊಂಡು ಕೂತರೆ ಕೊನೆಯ ಭಾಗದವನ ಗದ್ದೆಗೆ ಬರುವುದು ತೇವ ಮಾತ್ರ. ಬೆಳೆ ಬರಲಿಲ್ಲವೆಂದು ಅವನ ಭೂಮಿಯನ್ನು ದೂರುವ ಮುನ್ನ ನೀರು ಎಷ್ಟು ಬಿಟ್ಟಿರಿ ಎಂದು ಕೇಳಬೇಡವೇ?

ಈ ಅಳತೆಯಲ್ಲಿ ನೋಡಿದರೆ ಪೋರ್ಟ್‌ಲ್ಯಾಂಡ್‌ನವರು ಬೋಸ್ಟನ್‌ಗಿಂತ ಹೆಚ್ಚು ತಪ್ಪಿತಸ್ಥರು. 1996ರಲ್ಲಿ ಹೈಸ್ಕೂಲಿನಿಂದ ನೇರವಾಗಿ ಬಂದ ಜರ್ಮೇನ್ ಓನೀಲ್‌ನನ್ನು ಅವರು ನಾಲ್ಕು ವರ್ಷ ಇಟ್ಟುಕೊಂಡರು, ಆದರೆ ರಶೀದ್ ವಾಲೇಸ್, ಬ್ರಯನ್ ಗ್ರಾಂಟ್, ಸಬೋನಿಸ್ ಇವರ ಹಿಂದೆ ಬೆಂಚಿನ ಮೇಲೆ. ಕೊನೆಯ ವರ್ಷ ಅವನಿಗೆ ಸಿಕ್ಕದ್ದು ಪಂದ್ಯಕ್ಕೆ ಸರಾಸರಿ 12 ನಿಮಿಷ, ಗಳಿಸಿದ್ದು ಸುಮಾರು 4 ಅಂಕ. 2000ದಲ್ಲಿ ಡೇಲ್ ಡೇವಿಸ್‌ಗಾಗಿ ಅವನನ್ನು ಇಂಡಿಯಾನಕ್ಕೆ ಕೊಟ್ಟರು. ಇಂಡಿಯಾನ ಮೊದಲ ವರ್ಷವೇ 32 ನಿಮಿಷ ಕೊಟ್ಟಿತು, ಅವನು ಸುಮಾರು 13 ಅಂಕ, 10 ರೀಬೌಂಡ್ ಕೊಟ್ಟ; ಮುಂದೆ ಆರು ಸಲ ಆಲ್‌ಸ್ಟಾರ್ ಆದ. ಇಟ್ಟುಕೊಂಡ ಮಾತ್ರಕ್ಕೆ ನಂಬಿದಂತಾಗುವುದಿಲ್ಲ.

ಹಾಗೆಂದು ಬಿಟ್ಟವರೆಲ್ಲ ತಪ್ಪಿತಸ್ಥರೆಂದು ನಾನು ಹೇಳುತ್ತಿಲ್ಲ. ಬಿಲಪ್ಸ್‌ನಿಂದ ಲಾಭ ಪಡೆದ ಅದೇ ಡೆಟ್ರಾಯಿಟ್, 2003ರಲ್ಲಿ ಕಾರ್ಮೆಲೊ ಆ್ಯಂಥನಿ, ಕ್ರಿಸ್ ಬಾಶ್, ಡ್ವೇನ್ ವೇಡ್ ಇವರನ್ನೆಲ್ಲ ಬಿಟ್ಟು ಎರಡನೆಯ ಸರದಿಯಲ್ಲಿ ಡಾರ್ಕೊ ಮಿಲಿಚಿಚ್‌ನನ್ನು ಆರಿಸಿ, ಬೆಂಚಿನ ಮೇಲೆ ಕೂರಿಸಿ, 2006ರಲ್ಲಿ ಒರ್ಲ್ಯಾಂಡೊಗೆ ಕಳಿಸಿತು. ಅವನಿಗೂ ಅನ್ಯಾಯವಾಯಿತೆಂದು ನಾನು ಬಹಳ ದಿನ ನಂಬಿದ್ದೆ. ಆದರೆ ಆಮೇಲೆ ಬೇರೆ ತಂಡಗಳು ಅವನಿಗೆ ಧಾರಾಳವಾಗಿ ನಿಮಿಷಗಳನ್ನು ಕೊಟ್ಟವು, ಬೆಳೆ ಬರಲಿಲ್ಲ. ನಮ್ಮ ಪಂಜಾಬಿನ ಸತ್ನಾಮ್ ಸಿಂಗ್ ವಿಷಯದಲ್ಲಿ ನೀನೇ ಡಲ್ಲಾಸ್ ಮೇಲೆ ಕೆಂಡ ಕಾರುತ್ತೀಯ. ಅಲ್ಲಿ ಮಾತ್ರ ನಾನು ಡಲ್ಲಾಸ್ ಪರ. 2015ರಲ್ಲಿ 52ನೆಯ ಸರದಿಯಲ್ಲಿ ಆರಿಸಿದ ಹುಡುಗನನ್ನು ಎರಡು ಋತು ತಮ್ಮ ಕೆಳಹಂತದ ತಂಡವಾದ ಟೆಕ್ಸಸ್ ಲೆಜೆಂಡ್ಸ್‌ನಲ್ಲಿಟ್ಟು ನೋಡಿದರು. ಏಳು ಅಡಿ ಎರಡು ಅಂಗುಲದ ಆಳು ನಿಂತು ಆಡುವ ಕಾಲ ಮುಗಿದು, ಎತ್ತರದವರೂ ಮೂರು ಪಾಯಿಂಟ್ ಗೆರೆಯವರೆಗೆ ಓಡಿ ಬರಬೇಕಾದ ಕಾಲ ಆಗಲೇ ಬಂದಿತ್ತು. ನಮ್ಮ ದೇಶದವನೆಂಬ ಅಭಿಮಾನ ನನಗೂ ಇದೆ, ಆದರೆ ಅಭಿಮಾನಕ್ಕೆ ನಿಮಿಷ ಹಂಚಲಾಗುವುದಿಲ್ಲ. ಅದೇ ಡಲ್ಲಾಸ್, ಮೊದಲ ವರ್ಷ ತಡವರಿಸಿ ಪಂದ್ಯಕ್ಕೆ 8 ಅಂಕದ ಆಸುಪಾಸಿನಲ್ಲೇ ಉಳಿದಿದ್ದ ಡರ್ಕ್ ನೊವಿಟ್ಸ್ಕಿಯನ್ನು 21 ಋತು ಇಟ್ಟುಕೊಂಡಿತು, 2011ರಲ್ಲಿ ಪಟ್ಟ ಗೆದ್ದಿತು.

ಇಷ್ಟೆಲ್ಲ ಅಂಕಿ ಅಂಶ ಹುಡುಕಿ ಬರೆಯುತ್ತಿರುವುದಕ್ಕೆ ನಿಜವಾದ ಕಾರಣ ಬೇರೆಯೇ ಇದೆ. ನೀನು ಬೋಸ್ಟನ್ ಪರ ವಾದ ಮಾಡಿದಾಗಲೆಲ್ಲ ನನ್ನ ಕಣ್ಣಮುಂದೆ ಬರುವುದು ನಿನ್ನ ಬಲಗೈಯ ಕಿರುಬೆರಳು.

1998, ನಮ್ಮ ಕೊನೆಯ ವರ್ಷದ ಬಿ.ಕಾಂ. ಬಳ್ಳಾರಿಯ ಕಾಲೇಜುಗಳೆಲ್ಲ ಆಗಿನ್ನೂ ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಗುಂತಕಲ್ಲಿನಲ್ಲಿ ರೈಲು ಬದಲಿಸಿ, ಬೆಳಗಿನ ಜಾವ ಗುಲ್ಬರ್ಗಾದಲ್ಲಿಳಿದು, ಧರ್ಮಛತ್ರದಲ್ಲಿ ಸ್ನಾನ ಮಾಡಿ ಅಂತರಕಾಲೇಜು ಪಂದ್ಯಕ್ಕೆ ಹೋಗಿದ್ದೆವು. ತಂಡದಲ್ಲಿ ಮೊದಲ ವರ್ಷದವನೊಬ್ಬನಿದ್ದ; ಅವನ ಊರಿನ ಹೆಸರಿನಿಂದ ಅವನನ್ನು ಎಲ್ಲರೂ "ಸಿರುಗುಪ್ಪ" ಎಂದೇ ಕರೆಯುತ್ತಿದ್ದರು. ಸಣಕಲು ಮೈ, ಯಾರದೋ ಬೂಟು. ಬೂಟಿನ ಮುಂದೆ ಸಡಿಲಾದಲ್ಲಿ ಬಟ್ಟೆ ತುರುಕಿದ್ದ. ಆಗ 20 ನಿಮಿಷದ ಎರಡು ಅರ್ಧಗಳ ಆಟ. ಮೊದಲ ಅರ್ಧದಲ್ಲಿ ಅವನು ಎಸೆದ ಮೂರು ಪಾಸುಗಳು ಯಾರಿಗೂ ಸಿಗದೆ ಗೆರೆ ದಾಟಿ ಹೋದವು. ನಾಲ್ಕನೆಯದು, ಅವನು ನೋಡುತ್ತಿದ್ದದ್ದು ಎಡಕ್ಕೆ, ಚೆಂಡು ಬಂದದ್ದು ಬಲಕ್ಕೆ, ಆ ಕಡೆ ಲಕ್ಷ್ಯವೇ ಇಲ್ಲದೆ ನಿಂತಿದ್ದ ನಿನ್ನ ಕಿರುಬೆರಳ ತುದಿಗೆ ಬಡಿಯಿತು. ಬಿಡುವಿನಲ್ಲಿ ಸೋಡಾ ಅಂಗಡಿಯ ಐಸನ್ನು ಕರ್ಚೀಫಿನಲ್ಲಿ ಸುತ್ತಿ ಬೆರಳಿಗೆ ಒತ್ತಿಕೊಂಡು ನೀನು, "ಇವನ ಜೊತೆ ಆಡೋದು ನನ್ನಿಂದಾಗಲ್ಲ" ಎಂದೆ. ಕಾಲೇಜಿನ ದೈಹಿಕ ಶಿಕ್ಷಣದ ಪಿ.ಡಿ. ಸರ್ ನನ್ನ ಮುಖ ನೋಡಿದರು. ನಾನು ನಾಯಕ. "ಕೂರಿಸಿಬಿಡಿ ಸರ್" ಎಂದೆ. ಅವನು ಏನೂ ಹೇಳದೆ ಬೂಟು ಬಿಚ್ಚಿ, ತುರುಕಿದ ಬಟ್ಟೆಯನ್ನು ತೆಗೆದು ಮಡಿಸಿ ಚೀಲದಲ್ಲಿಟ್ಟುಕೊಂಡ. ಮುಂದಿನ ಪಂದ್ಯಕ್ಕೂ ಇಳಿಸಲಿಲ್ಲ, ಮರುವರ್ಷ ತಂಡಕ್ಕೂ ತೆಗೆದುಕೊಳ್ಳಲಿಲ್ಲವಂತೆ. ಬಿಲಪ್ಸ್‌ಗೆ 51 ಪಂದ್ಯ ಸಿಕ್ಕಿತ್ತು. ಸಿರುಗುಪ್ಪನಿಗೆ ನಾವು ಕೊಟ್ಟದ್ದು ಒಂದು ಅರ್ಧ.

ಈಗ ಸಂಜೆ ಬಿಸಿಲು ತಗ್ಗಿ ಸಿಮೆಂಟಿನ ಅಂಕಣ ಕಾಲಿಡುವಷ್ಟು ಆರಿದ ಮೇಲೆ ಓಣಿಯ ಹತ್ತಾರು ಮಕ್ಕಳಿಗೆ ನಾನು ಆಟ ಹೇಳಿಕೊಡುತ್ತೇನಲ್ಲ, ಅವರಿಗೆ ದಿನಕ್ಕೆ ಇಪ್ಪತ್ತು ಸಲ ಕೂಗಿ ಹೇಳುವುದು ಒಂದೇ ಮಾತು: "ನಿಂತು ಕಾಯಬೇಡಿ, ಖಾಲಿ ಜಾಗಕ್ಕೆ ಓಡಿ, ಚೆಂಡು ಅಲ್ಲಿಗೆ ಬರುತ್ತದೆ." ಹಾಗೆ ಕೂಗುತ್ತಿದ್ದ ಒಂದು ಸಂಜೆ ಗುಲ್ಬರ್ಗಾದ ಆ ಮೂರು ಪಾಸುಗಳು ನೆನಪಾಗಿ ನನ್ನ ಬಾಯಿ ಕಟ್ಟಿತು. ಮೂರೂ ಖಾಲಿ ಜಾಗಕ್ಕೇ ಹೋಗಿದ್ದವು.

ಕಳೆದ ತಿಂಗಳು ಕೆಲಸದ ಮೇಲೆ ಸಿರುಗುಪ್ಪಕ್ಕೆ ಹೋದಾಗ ಅವನನ್ನು ಹುಡುಕಿಕೊಂಡು ಹೋದೆ. ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಮೈ ತುಂಬಿಕೊಂಡಿದ್ದಾನೆ. ನನ್ನ ಗುರುತು ಹಿಡಿದು, ಗೊಬ್ಬರದ ಚೀಲದ ಮೇಲೆ ಟವೆಲ್ ಹಾಸಿ ಕೂರಿಸಿ, ಚಹಾ ತರಿಸಿದ. ಆ ಪಂದ್ಯದ ಮಾತನ್ನು ನಾನೇ ತೆಗೆದೆ. ಅವನು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡು, "ನೀವು ಅಲ್ಲಿಗೆ ಬರ್ತೀರಂತ ಅಂದ್ಕಂಡು ಹಾಕ್ತಿದ್ದೆ ಅಣ್ಣಾ" ಎಂದ. ಅದರಲ್ಲಿ ಆಕ್ಷೇಪದ ಧ್ವನಿ ಇರಲಿಲ್ಲ. ಯೂರಿಯಾ ಯಾವಾಗ ಹಾಕಬೇಕೆಂದು ರೈತನಿಗೆ ಹೇಳುವಷ್ಟೇ ಸಹಜವಾಗಿ ಹೇಳಿದ. ನಾನು ಹೊರಟು ಬೈಕ್ ಹತ್ತುವಾಗ ಬಾಗಿಲವರೆಗೂ ಬಂದು ಕೇಳಿದ: "ಆ ಅಣ್ಣನ ಬೆರಳು ಸರಿ ಆತೇನು?"

ಸೊಟ್ಟಗೇ ಇದೆ ಎಂದೆ. ದೀಪಾವಳಿಗೆ ನೀನು ಊರಿಗೆ ಬಂದಾಗ ಕರೆದುಕೊಂಡು ಬರುತ್ತೇನೆಂದೂ ಹೇಳಿ ಬಂದಿದ್ದೇನೆ. ಬೆಳಿಗ್ಗೆ ಬೇಗ ಹೊರಟರೆ ಬಿಸಿಲೇರುವುದರೊಳಗೆ ತಲುಪಬಹುದು. ರಜೆ ಖಚಿತವಾದ ಕೂಡಲೇ ತಿಳಿಸು.

ನಿನ್ನ,
ಹಳೆಯ ನಾಯಕ