ಮಂಗಳಾರತಿಯ ಬಳಿಕ ಒಂದು ಮಾತು

ಮಾನ್ಯ ಸಂಪಾದಕರೇ,

ಡೊಂಬಿವಲಿಯಿಂದ ಮೀರಾ ರೋಡ್‌ವರೆಗೆ ಮುಂಬಯಿ ಕನ್ನಡಿಗರು ವಾರವಾರವೂ ಸೇರುವ ಭಜನಾ ಮಂಡಳಿ, ಪೂಜಾ ಸಮಿತಿ, ಚರ್ಚುಗಳಲ್ಲಿ ಒಬ್ಬರು ಎರಡು ವಾರ ಕಾಣದಿದ್ದರೆ ಕೂಡಲೇ ವಿಚಾರಿಸುತ್ತಾರೆ. ಆದರೆ ಖಿನ್ನತೆಯ ಮಾತು ಬಂದಾಗ ‘ದೇವರ ಮೇಲೆ ಭಾರ ಹಾಕಿ’ ಎಂಬಲ್ಲಿಗೆ ನಮ್ಮ ಸಾಂತ್ವನ ಮುಗಿಯುತ್ತದೆ. ಆತ್ಮಹತ್ಯೆಯಿಂದ ಒಬ್ಬರನ್ನು ಕಳೆದುಕೊಂಡ ಮನೆಯ ಮೆಟ್ಟಿಲು ಹತ್ತಲು, ಅದು ಪಾಪವೆಂದು ಮಾತಾಡಿ, ಹಿಂಜರಿಯುತ್ತೇವೆ. ಇದು ನನ್ನನ್ನು ಬಹಳ ನೋಯಿಸಿದೆ.

2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ದಾಖಲಿಸಿದೆ. ರಾಜ್ಯಗಳ ಪೈಕಿ ಮಹಾರಾಷ್ಟ್ರದಲ್ಲೇ ಅತಿ ಹೆಚ್ಚು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಸರ್ಕಾರ ಆರೈಕೆ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತಿರುವಾಗ, ತೀರ್ಪು ನೀಡಲು ನಾವು ಯಾರು?

‘ಬದುಕು ಬೇಡವೆನಿಸುತ್ತಿದೆಯೇ’ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ತುಂಬಿದಂತಾಗುತ್ತದೆ ಎಂಬ ಭಯ ನಿರಾಧಾರ. ಕೇಳಿದಾಗ ಎಷ್ಟೋ ಜನರಿಗೆ ಎದೆ ಹಗುರಾಗುತ್ತದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲಿರುಳೂ ಲಭ್ಯ, ಕನ್ನಡದಲ್ಲೂ ಮಾತಾಡಬಹುದು. ಮಂಗಳಾರತಿಯ ಬಳಿಕದ ಪ್ರಕಟಣೆಗಳಲ್ಲಿ, ಚರ್ಚಿನ ಸೂಚನಾ ಫಲಕದಲ್ಲಿ ಈ ಸಂಖ್ಯೆ ಇರಲಿ. ಪ್ರಾರ್ಥನೆಯೂ ನಡೆಯಲಿ, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗುವವರೂ ಮಂಡಳಿಯಿಂದಲೇ ಹೊರಡಲಿ.

– ಭಜನಾ ಮಂಡಳಿಯೊಂದರ ಸದಸ್ಯೆ, ಡೊಂಬಿವಲಿ