ಚಪ್ಪಾಳೆ ಬಿದ್ದ ಜಾಗ

ಚಿ. ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಮಂಗಳವಾರ ಕೈಸೇರಿತು. ಬಾಡಿಗೆ ಮನೆಯ ನೀರಿನ ಗೋಳು, ನಿಮ್ಮಮ್ಮನ ಮಂಡಿನೋವು, ಇವಕ್ಕೆಲ್ಲ ನಿಮ್ಮ ದೊಡ್ಡಮ್ಮ ಫೋನಿನಲ್ಲೇ ಉತ್ತರ ಕೊಟ್ಟಾಗಿದೆ. ನನ್ನ ನಿದ್ದೆ ಕೆಡಿಸಿದ್ದು ಮೂರನೆಯ ಪುಟದ ಕೊನೆಯಲ್ಲಿ ನೀನು ಒಮ್ಮೆ ಬರೆದು, ಗೀಚಿ ಹಾಕಿ, ಮತ್ತೆ ಬರೆದಿರುವ ಸಾಲು. 'ಸಿನಿಮಾದಲ್ಲಿ ಖಳನಾಯಕ ಮಣ್ಣಿಗೆ ಬಿದ್ದಾಗ ಅಲ್ಲಿ ನಮ್ಮ ಮ್ಯಾನೇಜರ್ ಮುಖ ಕಂಡಿತು ದೊಡ್ಡಪ್ಪ. ಎದ್ದು ನಿಂತು ಚಪ್ಪಾಳೆ ತಟ್ಟಿಬಿಟ್ಟೆ. ನಾನು ಅಂಥವಳೇ?'

ಮೊದಲು ನಕ್ಕೆ. ಒಬ್ಬ ನಾಯಕ, ನಲವತ್ತು ಜನ ರೌಡಿಗಳು, ಎಷ್ಟು ಹೊಡೆದರೂ ಮುಗಿಯದ ಗುಂಡು, ಮಳೆಯಲ್ಲಿ ನೆನೆದರೂ ಆರದ ಬೆಂಕಿ. ಇದನ್ನು ನೋಡಿ ಹುಡುಗಿ ಹೆದರಿಕೊಂಡಿದ್ದಾಳಲ್ಲ ಎಂದುಕೊಂಡೆ. ರಾತ್ರಿ ಹಾಸಿಗೆಯಲ್ಲಿ ಹೊರಳುವಾಗ ನಗು ನಿಂತಿತು. ನಿನಗೆ ಉತ್ತರ ಹೇಳಬೇಕಾದವನು ನಾನೇ ಎನಿಸಿತು. ಏಕೆಂದು ಮುಂದೆ ಹೇಳುತ್ತೇನೆ, ಧೈರ್ಯ ಉಳಿದರೆ.

ನಾನು ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ ಎಂಬುದು ನಿನಗೆ ಗೊತ್ತು. ಆದರೆ ಆಪರೇಟರ್ ಸಿನಿಮಾ ನೋಡುವುದಿಲ್ಲ ಎಂಬುದು ಗೊತ್ತಿರಲಾರದು. 1000 ಅಡಿಯ ರೀಲು ಓಡುವುದು 11 ನಿಮಿಷ. ಅಷ್ಟರೊಳಗೆ ಪಕ್ಕದ ಮೆಷಿನ್ನಿಗೆ ಮುಂದಿನ ರೀಲು ಏರಿಸಬೇಕು, ಬೆಳಕು ಕೊಡುತ್ತ ಸುಟ್ಟು ಚಿಕ್ಕದಾದ ಕಾರ್ಬನ್ ಕಡ್ಡಿಗಳ ಅಂತರ ಸರಿಪಡಿಸಬೇಕು, ಪರದೆಯ ಬಲಮೂಲೆಯಲ್ಲಿ ದುಂಡು ಚುಕ್ಕೆ ಮಿಂಚಿದೊಡನೆ ಮೋಟಾರು ಹಾಕಿ, ಎರಡನೆಯ ಚುಕ್ಕೆಗೆ ಮೆಷಿನ್ ಬದಲಿಸಬೇಕು. ನಡುವೆ ಸಿಗುವ ಬಿಡುವಿನಲ್ಲಿ ಕಿಂಡಿಯಿಂದ ಕಾಣುವುದು ಜನರ ತಲೆಗಳು. ನಾನು ಹತ್ತು ಹನ್ನೆರಡು ವರ್ಷ ನೋಡಿದ್ದು ಆ ತಲೆಗಳನ್ನು. ಯಾವ ಜಾಗದಲ್ಲಿ ಎದ್ದು ನಿಲ್ಲುತ್ತವೆ, ಯಾವ ಜಾಗದಲ್ಲಿ ಬಗ್ಗುತ್ತವೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವನಾಗಿದ್ದೆ.

'ಶೋಲೆ' ನಮ್ಮ ತಿಪಟೂರಿಗೆ ಬರುವ ಹೊತ್ತಿಗೆ ಪ್ರಿಂಟಿನ ತುಂಬ ಗೀರು. 1975ರ ಆಗಸ್ಟ್ 15ರಂದು ಬಿಡುಗಡೆಯಾದ ಚಿತ್ರ, ನಮಗೆ ಸಿಕ್ಕಿದ್ದು ಮೂರ್ನಾಲ್ಕು ವರ್ಷದ ಮೇಲೆ. ರಾಮನಗರದ ಬೆಟ್ಟದಲ್ಲಿ ತೆಗೆದದ್ದು ಎಂಬ ಕಾರಣಕ್ಕೇ ಹಿಂದಿ ಬಾರದವರೂ ಗಾಡಿ ಕಟ್ಟಿಕೊಂಡು ಬಂದರು. ಚಿತ್ರದ ಊರಿನಲ್ಲಿ ಕರೆಂಟಿಲ್ಲ, ಮನೆಮನೆಗೂ ದೀಪ ಹಚ್ಚುತ್ತಾರೆ, ನೀರಿನ ಟ್ಯಾಂಕ್ ಮಾತ್ರ ಆಕಾಶಕ್ಕೆ ಎದ್ದು ನಿಂತಿದೆ. 'ನೀರು ಹತ್ತುವುದು ಹೇಗಪ್ಪಾ?' ಎಂದು ಗಾಂಧಿ ಕ್ಲಾಸಿನ, ಅಂದರೆ ಮುಂದಿನ ಅಗ್ಗದ ಸೀಟಿನ, ಕೊಬ್ಬರಿ ದಲ್ಲಾಳಿಯೊಬ್ಬ ಜೋರಾಗಿ ಕೇಳಿದ್ದ. ಧರ್ಮೇಂದ್ರ ಕುಡಿದು ಅದೇ ಟ್ಯಾಂಕ್ ಹತ್ತಿದಾಗ ಎಲ್ಲರಿಗಿಂತ ದೊಡ್ಡ ಶಿಳ್ಳೆ ಅವನದೇ. ಮರುದಿನ ಮತ್ತೆ ಬಂದ, ಮತ್ತೆ ಅದೇ ಪ್ರಶ್ನೆ ಕೇಳಿದ, ಮತ್ತೆ ಶಿಳ್ಳೆ ಹಾಕಿದ.

ಅವನು ಮೋಸಹೋಗಿರಲಿಲ್ಲ, ಪುಟ್ಟಿ. ನಮ್ಮ ಕಡೆಯ ಮೂಡಲಪಾಯ ಬಯಲಾಟದಲ್ಲಿ ಭೀಮ ದುಶ್ಶಾಸನನ ಹೊಟ್ಟೆ ಬಗೆಯುವಾಗ ಹೊರಗೆ ಬರುತ್ತಿದ್ದದ್ದು ಒಂದು ಗಜ ಕೆಂಪು ಬಟ್ಟೆ. ಮಕ್ಕಳೂ ಅದನ್ನು ಬಟ್ಟೆಯೆಂದೇ ಬಲ್ಲವು, ಆದರೂ ಕಿರುಚುತ್ತಿದ್ದವು. ಬೆಳಗಾದರೆ ಅದೇ ದುಶ್ಶಾಸನ ಮುಖದ ಬಣ್ಣ ಅರೆಬರೆ ಒರೆಸಿಕೊಂಡು ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದ, ರಾತ್ರಿ ಕಿರುಚಿದವರೇ ಕಾಸು ಕೊಡುತ್ತಿದ್ದರು. ಬಟ್ಟೆಯ ಬದಲು ನಿಜದ ರಕ್ತವನ್ನೇ ಹೋಲುವ ಬಣ್ಣ ಸುರಿದಿದ್ದರೆ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಮನೆಗೆ ಹೋಗುತ್ತಿದ್ದರೋ ಏನೋ. ನೀನು ನೋಡಿದ ಚಿತ್ರದ ನಲವತ್ತು ರೌಡಿಗಳು ಗಾಳಿಯಲ್ಲಿ ಹಾರಿ ಬೀಳುವುದೂ ಆ ಕೆಂಪು ಬಟ್ಟೆಯೇ. ನಂಬಲಾಗದ್ದರಿಂದಲೇ ಮೈಬಿಟ್ಟು ಕೂಗಲು ಧೈರ್ಯ ಬರುತ್ತದೆ.

ಆದರೆ ಎಲ್ಲವೂ ಸುಳ್ಳಾದರೆ ಯಾರೂ ಕೂಗುವುದಿಲ್ಲ, ಅದನ್ನೂ ನೋಡಿದ್ದೇನೆ. 'ಶೋಲೆ'ಯಲ್ಲಿ ಡಕಾಯಿತ ಗಬ್ಬರ್ ಠಾಕೂರನ ಮನೆಯವರನ್ನು ಕೊಲ್ಲುವ ಭಾಗವನ್ನು ನೆನಪು ಮಾಡಿಕೋ. ಕೊನೆಗೆ ಉಳಿದ ಮಗುವಿನ ಮೇಲೆ ಗುಂಡು ಹಾರುತ್ತದೆ, ಆದರೆ ಮಗು ಬೀಳುವುದನ್ನು ತೋರಿಸುವುದಿಲ್ಲ, ರೈಲು ಬರುತ್ತದೆ. ಠಾಕೂರ್ ಮನೆಗೆ ಬಂದರೆ ಸಾಲಾಗಿ ಮಲಗಿಸಿದ ಹೆಣಗಳ ಮೇಲಿನ ಬಟ್ಟೆಯನ್ನು ಗಾಳಿ ಎತ್ತುತ್ತದೆ. ಆ ರೀಲಿನಲ್ಲಿ ನನ್ನ ಮೆಷಿನ್ನಿನ ಸದ್ದು ಬಿಟ್ಟರೆ ಟಾಕೀಸಿನಲ್ಲಿ ಇನ್ನೊಂದು ಸದ್ದಿರುತ್ತಿರಲಿಲ್ಲ, ಕಡಲೆಕಾಯಿ ಸುಲಿಯುವುದೂ ನಿಲ್ಲುತ್ತಿತ್ತು. ಅಷ್ಟಾದ ಮೇಲೆ ಎರಡೂ ಕೈಯಿಲ್ಲದ ಠಾಕೂರ್ ಬರೀ ಕಾಲಿನಲ್ಲಿ ಹೊಡೆದು ಗೆಲ್ಲುತ್ತಾನೆ ಎಂದರೂ ಜನ ಒಪ್ಪಿದರು. ಗಾಯ ನಿಜವಾಗಿರಬೇಕು, ಮದ್ದು ಸುಳ್ಳಾದರೂ ನಡೆಯುತ್ತದೆ.

ಈಗ ನಿನ್ನ ಚಪ್ಪಾಳೆಯ ವಿಷಯಕ್ಕೆ ಬರುತ್ತೇನೆ. ಖಳನಾಯಕ ಬಿದ್ದಾಗ ತಟ್ಟಿದೆ ಎಂದು ಬರೆದಿದ್ದೀಯ. ನಿಜವಾಗಿ ಆಗಲೇ ತಟ್ಟಿದೆಯೇ? ಕಿಂಡಿಯಿಂದ ನಾನು ಕಂಡಂತೆ ದೊಡ್ಡ ಚಪ್ಪಾಳೆ ಬೀಳುತ್ತಿದ್ದದ್ದು ಠಾಕೂರನ ಬೂಟಿನ ಅಡಿಯ ಮೊಳೆಗಳು ಕಂಡಾಗ. ಗಬ್ಬರನ ಮುಖದಲ್ಲಿ 'ಓ, ಇವನಾ!' ಎಂಬ ಅರಿವು ಮೂಡಿದಾಗ. ಮುಂದಿನ ಹೊಡೆತಗಳಿಗೆ ಸದ್ದು ಕಡಿಮೆಯಾಗುತ್ತ ಬರುತ್ತಿತ್ತು. ಕೊನೆಯ ರೀಲಿನಲ್ಲಿ ತಲೆಗಳು ಬಗ್ಗುತ್ತಿದ್ದವು, ಕಾಲಿನಿಂದ ಚಪ್ಪಲಿ ಹುಡುಕುವುದಕ್ಕೆ. ಯಾವ ಸೇಡಿನ ಚಿತ್ರವಾದರೂ ಅಷ್ಟೇ. ಸಾಯುವುದನ್ನು ನೋಡಲು ಕಾದು ಕುಳಿತವರಾಗಿದ್ದರೆ ಆ ಹೊತ್ತಿಗೆ ಚಪ್ಪಲಿ ನೆನಪಾಗುತ್ತಿತ್ತೇ?

ಇದನ್ನು ಬಹಳ ವರ್ಷ ಯೋಚಿಸಿದ್ದೇನೆ. ಇಂಥ ಚಿತ್ರಗಳಲ್ಲಿ ಒಬ್ಬ ನಲವತ್ತು ಜನರನ್ನು ಬಡಿಯುವುದು ದೊಡ್ಡ ಸುಳ್ಳಲ್ಲ. ದೊಡ್ಡ ಸುಳ್ಳು ಯಾವುದೆಂದರೆ, ಖಳನಾಯಕನಿಗೆ ಎಲ್ಲವೂ ನೆನಪಿರುತ್ತದೆ. ಇಪ್ಪತ್ತು ವರ್ಷದ ಮೇಲೆ ನಾಯಕ ಎದುರಿಗೆ ಬಂದು ನಿಂತರೆ, ಯಾರು, ಯಾವ ಊರು, ಅವನ ತಾಯಿಗೆ ತಾನು ಏನು ಮಾಡಿದ್ದೆ ಎಂದು ಒಪ್ಪಿಕೊಂಡು ಸಾಯುತ್ತಾನೆ. ನೀನು ಎದ್ದು ನಿಂತದ್ದು ಆ ಸುಳ್ಳಿಗೆ, ಮಗಳೇ. ಅದರಲ್ಲಿ ಹೆದರುವಂಥದ್ದೇನೂ ನನಗೆ ಕಾಣುವುದಿಲ್ಲ.

ಏಕೆಂದರೆ ಹಾಗೆ ಆಗುವುದಿಲ್ಲ. ಪಂಚಾಯಿತಿ ಕಟ್ಟೆಯ ಮೇಲೆ ನಮ್ಮ ಅಪ್ಪನಿಗೆ ನಡೆದದ್ದನ್ನು ನೀನು ಸಾವಿರ ಸಲ ಕೇಳಿದ್ದೀಯ, ಇಲ್ಲಿ ಬರೆಯುವುದಿಲ್ಲ. ಆ ದಾಯಾದಿ ಚಿಕ್ಕಪ್ಪ ಮುದುಕನಾಗಿ ಹಾಸಿಗೆ ಹಿಡಿದಾಗ ನಾನು ಹೋಗಿದ್ದೆ. ಬೇರೆ ಮಾತೆಲ್ಲ ಮುಗಿದ ಮೇಲೆ ಅದನ್ನೆತ್ತಿದೆ. ಅವನು ನನ್ನ ಮುಖವನ್ನೇ ನೋಡಿ, 'ಯಾವ ಪಂಚಾಯಿತಿ?' ಎಂದ. ನಟನೆಯಲ್ಲ. ನಿಜವಾಗಿಯೂ ಮರೆತಿದ್ದ. ಮೂವತ್ತು ವರ್ಷ ಅದನ್ನು ಹೊತ್ತು ತಿರುಗಿದವನು ನಾನೊಬ್ಬನೇ.

ಆ ಮೂವತ್ತು ವರ್ಷದಲ್ಲಿ ಇನ್ನೊಂದೂ ಇದೆ. ನಿಮ್ಮಪ್ಪನಿಗೆ ಗೊತ್ತಿಲ್ಲ. ನಿಮ್ಮ ದೊಡ್ಡಮ್ಮನಿಗೂ ಗೊತ್ತಿಲ್ಲ.

'ಶೋಲೆ' ಓಡುತ್ತಿದ್ದಷ್ಟು ದಿನವೂ ಗಬ್ಬರನ ಜಾಗದಲ್ಲಿ ನನಗೆ ಆ ಚಿಕ್ಕಪ್ಪನೇ ಕಾಣುತ್ತಿದ್ದ. ದಿನಕ್ಕೆ ಮೂರು ಆಟ. ಕೆಳಗಿನವರು ಶಿಳ್ಳೆ ಹಾಕಿ ಹಗುರಾಗಿ ಮನೆಗೆ ಹೋಗುತ್ತಿದ್ದರು. ಆಪರೇಟರಿಗೆ ಶಿಳ್ಳೆಯಿಲ್ಲ. ಕೊನೆಯಲ್ಲಿ ಪೊಲೀಸರು ಬಂದು ಠಾಕೂರನ ಕಾಲನ್ನು ತಡೆಯುತ್ತಾರಲ್ಲ, ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಮೊದಲು ತೆಗೆದಿದ್ದ ಕೊನೆಯಲ್ಲಿ ಠಾಕೂರ್ ಗಬ್ಬರನನ್ನು ಕೊಂದೇಬಿಡುತ್ತಾನೆ. ತುರ್ತುಪರಿಸ್ಥಿತಿಯ ಕಾಲ, ಸೆನ್ಸಾರ್‌ನವರು ಒಪ್ಪದೆ ಬದಲಿಸಿದರು. ಆ ಹಳೆಯ ಕೊನೆಯನ್ನು ಸೇರಿಸಿ 2025ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ತೋರಿಸಿದ್ದಾರಂತೆ. ನೋಡುವ ಆಸೆ ನನಗಿಲ್ಲ. ಆದರೆ ಅಂದು, ನನ್ನ ಪಾಲಿನದನ್ನು ಯಾರೋ ಕಿತ್ತುಕೊಂಡರು ಎಂಬಷ್ಟು ಸಿಟ್ಟು ಬಂದಿತ್ತು.

ಒಂದು ರಾತ್ರಿ, ಎರಡನೆಯ ಆಟದ ಇಂಟರ್ವಲ್ ಕಳೆದ ಮೇಲೆ, ರೀಲು ಸುತ್ತುವ ಮೇಜಿನ ಮೇಲೆ, ಆ ಸಣ್ಣ ಬಲ್ಬಿನ ಕೆಳಗೆ ಒಂದು ಮೂಗರ್ಜಿ ಬರೆದೆ. ಅಕ್ಷರ ಗುರುತು ಸಿಗದಿರಲೆಂದು ಎಡಗೈಯಲ್ಲಿ. ಬೆವರಿಗೆ ಕಾಗದ ಅಂಗೈಗೆ ಅಂಟುತ್ತಿತ್ತು, ಎರಡು ಹಾಳೆ ಹಾಳಾಯಿತು. ನಡುವೆ ಚುಕ್ಕೆ ತಪ್ಪಿ ಪರದೆ ಒಂದು ಕ್ಷಣ ಬೆಳ್ಳಗಾಗಿ ಜನ ಬೈದರು. ಚಿಕ್ಕಪ್ಪನ ಮಗನಿಗೆ ಆಗತಾನೆ ಸರ್ಕಾರಿ ಕೆಲಸದ ಆದೇಶ ಬಂದಿತ್ತು. ಅವನ ಮೇಲೆ ಇಲ್ಲಸಲ್ಲದ್ದನ್ನು ಬರೆದು ಇಲಾಖೆಗೆ ಕಳಿಸಿದೆ. ಅವನಿಗೂ ಪಂಚಾಯಿತಿ ಕಟ್ಟೆಗೂ ಸಂಬಂಧವೇ ಇರಲಿಲ್ಲ, ಆಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ. ವಿಚಾರಣೆ ಎಂದು ಎರಡು ವರ್ಷ ಕೆಲಸ ನಿಂತುಹೋಯಿತು.

ನೋಡು, ನಿಜವಾದ ಸೇಡಿನಲ್ಲಿ ನಂಬಲಾಗದ್ದು ಏನೂ ಇರುವುದಿಲ್ಲ. ಒಂದು ಕವರು, ಒಂದು ಅಂಚೆಚೀಟಿ ಸಾಕು. ಯಾರೂ ಗಾಳಿಯಲ್ಲಿ ಹಾರುವುದಿಲ್ಲ. ಯಾಕೆ ಹೀಗಾಯಿತೆಂದು ಹೊಡೆತ ತಿಂದವನಿಗೂ ತಿಳಿಯುವುದಿಲ್ಲ.

ಆರು ತಿಂಗಳ ಮೇಲೆ, ಗಂಡನಿಗೆ ತಿಳಿಯದಂತೆ, ಆ ಚಿಕ್ಕಮ್ಮ ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಸೆರಗಿನಲ್ಲಿ ಎರಡು ತೆಂಗಿನಕಾಯಿ, ಕೈಯಲ್ಲಿ ಬಿಳಿ ಹಾಳೆ. 'ಯಾರೋ ಪಾಪಿಗಳು ನನ್ನ ಮಗನ ಮೇಲೆ ಅರ್ಜಿ ಹಾಕಿದ್ದಾರೆ, ಸಾಹೇಬರಿಗೆ ಒಂದು ಕಾಗದ ಬರೆದುಕೊಡಪ್ಪ, ನಿನ್ನ ಅಕ್ಷರ ಮುತ್ತಿನಂಥದ್ದು' ಎಂದಳು. ಬರೆದುಕೊಟ್ಟೆ. ಬಲಗೈಯಲ್ಲಿ. ಅವಳು ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೀರೆಗೆ ಒರೆಸಿಕೊಂಡು, ನನ್ನ ತಲೆ ಸವರಿ ಹೋದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಆ ತೆಂಗಿನಕಾಯಿಯ ಚಟ್ನಿಯನ್ನು ತಿಂದೆ ಕೂಡ.

'ಶೋಲೆ' ನೋಡಿ ಹಾಗೆ ಮಾಡಿದೆ ಎಂದರೆ ನನ್ನ ಪಾಪವನ್ನು ಸೆನ್ಸಾರ್ ಮಂಡಳಿಯ ತಲೆಗೆ ಕಟ್ಟಿದ ಹಾಗಾಗುತ್ತದೆ. ಅದೇ ಚಿತ್ರವನ್ನು ಊರೆಲ್ಲ ನೋಡಿತು. ನಮ್ಮ ಕೊಬ್ಬರಿ ದಲ್ಲಾಳಿ ಹನ್ನೊಂದು ಸಲ ನೋಡಿದ, ಯಾರ ಮೇಲೂ ಅರ್ಜಿ ಹಾಕಲಿಲ್ಲ. ಸಾವಿರ ವರ್ಷದ ಹಿಂದೆ ರನ್ನ ಬರೆದದ್ದೂ ಸೇಡಿನ ಕಥೆಯೇ, ಆದರೆ ಅದರಲ್ಲಿ ದುರ್ಯೋಧನ ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಹೊಗಳುತ್ತಾನೆ. ಶಾಲೆಯಲ್ಲಿ ಮೇಷ್ಟರು ಅದನ್ನು ಓದಿದಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆನೇನೋ.

ಆದ್ದರಿಂದ ನಿನ್ನ ಆ ಸಾಲಿಗೆ ಮತ್ತೆ ಬರುತ್ತೇನೆ. 'ನಾನು ಅಂಥವಳೇ?' ಎಂದು ಕೇಳಿ, ಗೀಚಿ, ಮತ್ತೆ ಬರೆದೆಯಲ್ಲ, ನಾನು ಆ ಪ್ರಶ್ನೆಯನ್ನು ಕೇಳಿಕೊಳ್ಳಲೇ ಇಲ್ಲ. ನೀನು ಇನ್ನೂರು ಜನರ ನಡುವೆ ಎದ್ದು ನಿಂತು, ಕೇಳುವ ಹಾಗೆ ತಟ್ಟಿದೆ. ನಾನು ಬಾಗಿಲು ಹಾಕಿಕೊಂಡು, ಸದ್ದಿಲ್ಲದೆ, ಎಡಗೈಯಲ್ಲಿ ಬರೆದೆ. ಅದಕ್ಕೇ ನಿನ್ನ ಚಪ್ಪಾಳೆಗೆ ನಾನು ಹೆದರುವುದಿಲ್ಲ. ಹೆದರುವುದು ಬೇರೆಯದಕ್ಕೆ. ನಿನ್ನ ಮ್ಯಾನೇಜರ್ ಎಲ್ಲರೆದುರು ಆಡಿದ ಮಾತನ್ನು ನೀನು ನಾಲ್ಕೇ ಪದದಲ್ಲಿ ಬರೆದು ಮುಂದೆ ಹೋಗಿದ್ದೀಯ. ಚಿತ್ರದ ಬಗ್ಗೆ ಎರಡು ಪುಟವಿದೆ.

ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆ ಎಂದು ಈಗ ನಿನಗೇ ಗೊತ್ತಾಯಿತು. ಆದರೂ, ದೂರು ಕೊಡುವುದಾದರೆ ಹೆಸರು ಹಾಕಿ ಕೊಡು, ತಾರೀಖು ಹಾಕು. ರಾತ್ರಿ ಏನನ್ನೂ ಬರೆದು ಕಳಿಸಬೇಡ, ಬೆಳಿಗ್ಗೆ ಕಾಫಿ ಕುಡಿದ ಮೇಲೆ ಓದಿ ಕಳಿಸು. ಆ ಮನುಷ್ಯ ಒಂದು ದಿನ ಎಲ್ಲವನ್ನೂ ನೆನಪಿಸಿಕೊಂಡು ತಲೆ ತಗ್ಗಿಸುತ್ತಾನೆ ಎಂದು ಮಾತ್ರ ಕಾಯಬೇಡ. ಬೇರೆ ಕೆಲಸ ಹುಡುಕುವುದಾದರೆ ಹುಡುಕು, ನಿಮ್ಮಪ್ಪನನ್ನು ನಾನು ಒಪ್ಪಿಸುತ್ತೇನೆ. ಇದಕ್ಕಿಂತ ಹೆಚ್ಚಿನದು ನನಗೆ ಹೊಳೆಯುತ್ತಿಲ್ಲ. ಸಿನಿಮಾ ನೋಡುವುದನ್ನಂತೂ ಬಿಡಬೇಡ. ಸಾಧ್ಯವಾದರೆ ಹಿಂದಿನ ಸಾಲಿನಲ್ಲಿ ಕುಳಿತು ಒಮ್ಮೆ ತಲೆಗಳನ್ನು ನೋಡು.

ನಮ್ಮ ಟಾಕೀಸು ಈಗ ಕಲ್ಯಾಣ ಮಂಟಪವಾಗಿದೆ, ನೀನೂ ಊಟ ಮಾಡಿದ್ದೀಯ. ಪರದೆ ಇದ್ದ ಗೋಡೆಯ ಮುಂದೆಯೇ ಮಂಟಪ ಕಟ್ಟುತ್ತಾರೆ. ಬರುವ ತಿಂಗಳು 18ಕ್ಕೆ ಅಲ್ಲಿ ಆ ಚಿಕ್ಕಪ್ಪನ ಮಗನ ಮೊಮ್ಮಗಳ ಮದುವೆ. ಎಪ್ಪತ್ತರ ಮುದುಕ, ತಾನೇ ಆಟೋ ಮಾಡಿಕೊಂಡು ಬಂದು ಲಗ್ನಪತ್ರಿಕೆ ಕೊಟ್ಟು, 'ಅಣ್ಣ, ತಪ್ಪದೆ ಬರಬೇಕು' ಎಂದು ಹೋದ. ನಿಮ್ಮ ದೊಡ್ಡಮ್ಮ ಉಡುಗೊರೆ ಏನು ಕೊಡೋಣ ಎಂದು ಮೂರು ದಿನದಿಂದ ಕೇಳುತ್ತಿದ್ದಾಳೆ. ನಿನಗೆ ರಜೆ ಸಿಕ್ಕರೆ ಹಿಂದಿನ ದಿನ ಸಂಜೆಯ ರೈಲಿಗೆ ಬಂದುಬಿಡು. ಅವನ ಹತ್ತಿರ ನಾನು ಒಂದು ಮಾತು ಆಡುವುದಿದೆ, ಆಗ ನೀನು ಪಕ್ಕದಲ್ಲಿದ್ದರೆ ಚೆನ್ನ.

ಇಂತಿ,
ನಿನ್ನ ದೊಡ್ಡಪ್ಪ